ಮುನೀಬಕ್ಕನ ಶರಬತ್ತಿನ ಕೆಂಪು

ನನ್ನದು ಅನುಮಾನದ ಸ್ವಭಾವ. ಅದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ. ಮೊಸರಿನ ಡಬ್ಬಿಯಾಗಲಿ, ಬಿಸ್ಕತ್ತಿನ ಪೊಟ್ಟಣವಾಗಲಿ, ಹಿಂಬದಿಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಅಚ್ಚು ಮಾಡಿರುವುದನ್ನು ಪೂರ್ತಿ ಓದದೆ ಬುಟ್ಟಿಗೆ ಹಾಕಿದವಳಲ್ಲ. ಅದಕ್ಕೆಂದೇ ಒಂದು ಭೂತಗನ್ನಡಿಯನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದೇನೆ. ಮೊಸರಿನಲ್ಲಿ ಹಂದಿಯ ಜಿಲೆಟಿನ್, ಕೇಕಿನಲ್ಲಿ ರಮ್, ಚಾಕೊಲೇಟಿನ ಹೊಟ್ಟೆಯಲ್ಲಿ ಬ್ರಾಂದಿ, ಹೀಗೆ ಎಷ್ಟನ್ನು ಹಿಡಿದಿದ್ದೇನೋ ಲೆಕ್ಕವಿಟ್ಟಿಲ್ಲ. ನಾನು ಒಳಗೆ ಕಾಲಿಟ್ಟರೆ ಅಂಗಡಿಯ ಹುಸ್ನಿಯಾ ಹಣೆ ಚಚ್ಚಿಕೊಳ್ಳುತ್ತಾನೆ. "ಬಂದ್ರಪ್ಪಾ ಕಸ್ಟಮ್ಸ್‌ನೋರು!" ಅಂತ ಗಿರಾಕಿಗಳೆದುರೇ ಅನ್ನುತ್ತಾನೆ. ಅನ್ನಲಿ. ಕೊನಿತ್ಸ್ ಊರಿನ ನಮ್ಮ ಮೇಲಿನ ಮಹಲ್ಲಾದಲ್ಲಿ ಹೆಂಗಸರ ಸಭೆಗೆ ಮೆವ್ಲೂದ್, ಅಂದರೆ ಪ್ರವಾದಿಯ ಹುಟ್ಟಿನ ಹಾಡು, ಓದುವ ಬುಲಾ ನಾನು, ಧರ್ಮದ ಓದು ಕಲಿತವಳು. ಸತ್ತವರ ಹೆಸರಿನಲ್ಲಿ ಪ್ರಾರ್ಥನೆಗೆ ಕೂತರೂ ನಾನೇ ಮುಂದೆ ಕೂರಬೇಕು. ಬಾಯಿಂದ ಪ್ರವಾದಿಯ ಹೊಗಳಿಕೆ ಹೊರಡಬೇಕಾದರೆ ಆ ಬಾಯೊಳಗೆ ಏನು ಹೋಗಿದೆ ಅಂತ ನೋಡಿಕೊಳ್ಳುವುದು ಬೇಡವೇ?

ನಾನು ಓದುವವಳಾದರೆ ಶರಬತ್ತು ಮಾಡುವವಳು ಮುನೀಬಕ್ಕ. ಮೂವತ್ತೆಂಟು ವರ್ಷದಿಂದ ಹೀಗೇ ನಡೆದು ಬಂದಿದೆ. ಇಬ್ಬರೂ ಒಂದೇ ಗಲ್ಲಿಗೆ ಸೊಸೆಯರಾಗಿ ಬಂದವರು, ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಪ್ರವಾದಿ ಹುಟ್ಟಿದ ಭಾಗಕ್ಕೆ ನನ್ನ ಓದು ಬಂದಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಅದಾಗಿ ಕೂತ ಮೇಲೆ ಶರಬತ್ತಿನ ಲೋಟಗಳು ಕೈಯಿಂದ ಕೈಗೆ ಹೋಗುತ್ತವೆ. ಮಸೀದಿಯ ತಾಮ್ರದ ಸೌಟು ಯಾರ ಕೈಯಲ್ಲಿರುತ್ತದೋ ಅವಳಿಗೆ ಮಹಲ್ಲಾದಲ್ಲಿ ಒಂದು ತೂಕವಿದೆ. ಎರಡು ವರ್ಷದ ಹಿಂದೆ ಗಂಡ ಚಾಮಿಲ್ ಹೋದ ಮೇಲೆ ಮುನೀಬಕ್ಕನನ್ನು ಮನೆಯಿಂದ ಹೊರಗೆ ಕರೆತರುತ್ತಿದ್ದದ್ದು ಆ ಸೌಟೊಂದೇ ಎಂದರೂ ತಪ್ಪಿಲ್ಲ. ಆದರೆ ಅವಳ ನಾಲಿಗೆ ಮಾತ್ರ ಚಾಕು. "ಶೆಫೀಕಾ, ನಿನ್ನ ಗಂಟ್ಲು ಬಾವಿ ರಾಟೆ ಥರ ಕಿರುಗುಟ್ತಿದೆ, ಇನ್ನೊಂದು ಗುಟುಕು ಹಾಕು" ಅಂತ ತುಂಬಿದ ಸಭೆಯಲ್ಲಿ ಅಂದಿದ್ದಾಳೆ. ಎಲ್ಲರೂ ನಗುತ್ತಾರೆ. ನಾನೂ ನಗಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಅವಳ ಶರಬತ್ತಿಗೆ ಒಂದು ಬಣ್ಣವಿತ್ತು. ಮೇ ತಿಂಗಳಲ್ಲಿ ಹಿತ್ತಿಲಿನ ಗುಲಾಬಿ ಎಸಳನ್ನು ಬಿಡಿಸಿ, ನಿಂಬೆಹುಳಿ ಹಿಂಡಿ, ಸಕ್ಕರೆ ಪಾಕದಲ್ಲಿ ಬಾಟಲಿ ತುಂಬಿಟ್ಟರೆ ವರ್ಷವಿಡೀ ಬರುವ ತಿಳಿ ಗುಲಾಬಿ ಬಣ್ಣ. ನಮ್ಮ ಅತ್ತೆಯರು ಮಾಡುತ್ತಿದ್ದದ್ದೂ ಅದೇ. ಮೂರು ವರ್ಷದಿಂದ ಆ ಬಣ್ಣ ಏರುತ್ತಾ ಬಂತು. ಮೊದಲ ವರ್ಷ ಎಲ್ಲರೂ "ಈ ಸಲ ಗುಲಾಬಿ ಚೆನ್ನಾಗಿ ಬಂದಿದೆ" ಅಂದರು. ಎರಡನೇ ವರ್ಷ ದಾಳಿಂಬೆ ಕೆಂಪು. ಈ ವರ್ಷ ಲೋಟದ ಆಚೆ ಬೆರಳು ಕಾಣದಷ್ಟು ಕೆಂಪು. ಹೆಂಗಸರು ಹಾಡಿ ಹೊಗಳಿದರು. ನನಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಅದೇ ಗಿಡ, ಅದೇ ಮಣ್ಣು, ಅದೇ ಕೈ. ಕೆಂಪು ಎಲ್ಲಿಂದ ಬಂತು?

ಜೂನ್ ತಿಂಗಳಲ್ಲಿ ಬಿಸೇರಾಳ ತಾಯಿಯ ಹೆಸರಿನಲ್ಲಿ ಪ್ರಾರ್ಥನೆಗೆ ಕೂತಿದ್ದೆವು. ಬಿಸೇರಾ ಎಂದರೆ ಮಸೀದಿಯ ಬೀಗದ ಕೈ ಇಟ್ಟುಕೊಂಡವಳು. ಬಾಯಿಗೆ ಮಾತ್ರ ಬೀಗವಿಲ್ಲ. ಸೌಟಿನ ಮೇಲೆ ಅವಳಿಗೂ ಕಣ್ಣಿತ್ತು. ಅವತ್ತು ಮುನೀಬಕ್ಕ ನನಗೆ ಶರಬತ್ತು ಬಗ್ಗಿಸುವಾಗ ಲೋಟದ ಅಂಚು ತಪ್ಪಿ ನನ್ನ ಬಿಳಿ ತಲೆವಸ್ತ್ರದ ಸೆರಗಿಗೆ ಚೆಲ್ಲಿದಳು. "ಅಯ್ಯೋ ಹೋಗ್ಲಿ ಬಿಡೇ, ಗುಲಾಬಿ ತಾನೆ, ನೀರಿಗೆ ಹೋಗತ್ತೆ" ಅಂದಳು.

ಮನೆಗೆ ಬಂದು ಸೋಪು ಹಚ್ಚಿದೆ. ಮೆವ್ಲೂದಿನ ವಸ್ತ್ರ ಒಗೆದ ನಮ್ಮ ಕಡೆಯ ಯಾವ ಹೆಂಗಸನ್ನಾದರೂ ಕೇಳಿ, ಹೇಳುತ್ತಾಳೆ: ಗುಲಾಬಿಯ ಕಲೆಗೆ ಸೋಪು ತಾಗಿದರೆ ಅದು ಹಸಿರುಗಟ್ಟಿದ ಬೂದಿ ಬಣ್ಣಕ್ಕೆ ತಿರುಗಿ ಆಮೇಲೆ ನೀರಲ್ಲಿ ಹೋಗುತ್ತದೆ. ಇದು ಹಾಗೆ ತಿರುಗಲಿಲ್ಲ. ನೇರಳೆಗೆ ತಿರುಗಿತು. ತಿಕ್ಕಿದಷ್ಟೂ ನೇರಳೆ. ನನ್ನ ಎದೆ ಧಸಕ್ಕೆಂದಿತು. ಹಾಗಂತ ಸುಳ್ಳೇಕೆ ಹೇಳಲಿ, ಧಸಕ್ಕೆಂದ ಎದೆಯ ಮೂಲೆಯಲ್ಲಿ ಎಲ್ಲೋ ಒಂದಿಷ್ಟು ಖುಷಿಯೂ ಆಯಿತು. ಸಿಕ್ಕಿಬಿದ್ದಳು ಅಂದುಕೊಂಡೆ.

ಮಾರನೇ ದಿನವೇ ಹುಸ್ನಿಯಾನ ಅಂಗಡಿಗೆ ಹೋದೆ. ಕೇಕಿನ ಸಾಮಾನು ಇಡುವ ಕಪಾಟಿನಲ್ಲಿ ಬಣ್ಣದ ಪೊಟ್ಟಣಗಳು ಸಾಲಾಗಿ ನೇತಾಡುತ್ತಿದ್ದವು. ಕೆಂಪಿನದರ ಮೇಲೆ ಒಂದು ಸ್ಟ್ರಾಬೆರಿ ಚಿತ್ರ.

"ಇದೇನಪ್ಪಾ ಇದು?"

"ಕೇಕಿಗೆ ಹಾಕೋ ಬಣ್ಣ, ಬುಲಾ. ಪ್ರಕೃತಿಯಿಂದ ಬಂದದ್ದು ಅಂತ ಬರ್ದಿದೆ ನೋಡಿ, ಮೇಲ್ಗಡೇನೇ ಇದೆ."

"ಹಂದೀನೂ ಪ್ರಕೃತಿಯಿಂದಾನೇ ಬಂದಿದ್ದು. ಸುಮ್ನಿರು."

ಭೂತಗನ್ನಡಿ ಹಿಡಿದು ಹಿಂಬದಿ ಓದಿದೆ. ಕೊನೆಯ ಸಾಲಿನಲ್ಲಿ ಇತ್ತು: ಕಾರ್ಮಿನ್, ಇ 120. ನನಗೆ ಅದರ ಪರಿಚಯ ಚೆನ್ನಾಗಿದೆ. ದಕ್ಷಿಣ ಅಮೆರಿಕದ ಕಡೆ ಪಾಪಾಸುಕಳ್ಳಿಯ ಮೇಲೆ ಕೂರುವ ಒಂದು ಜಾತಿಯ ಹುಳವನ್ನು ಕೆರೆದು, ಒಣಗಿಸಿ, ಪುಡಿ ಮಾಡಿ ತೆಗೆಯುವ ಕೆಂಪು. ಸ್ಟ್ರಾಬೆರಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

"ಇದನ್ನ ಯಾರು ತಗೋತಾರೆ ನಿನ್ನತ್ರ?"

"ಹುಟ್ಟಿದಬ್ಬದ ಕೇಕು ಮಾಡೋ ಹುಡುಗೀರು ತಗೋತಾರೆ." ಹುಸ್ನಿಯಾ ತಕ್ಕಡಿ ಒರೆಸುತ್ತಾ ಹೇಳಿದ. "ಆಮೇಲೆ ನಿಮ್ ಮುನೀಬಕ್ಕ. ಕೆಂಪಿಗೆ ಏನಾದ್ರೂ ಕೊಡಪ್ಪಾ, ಗಿಡದ್ದೇ ಕೊಡು ಅಂದ್ರು, ಇದನ್ನ ಕೊಟ್ಟೆ. ಆವಾಗಿಂದ ತಗೋತಾನೇ ಇದಾರೆ. ಮೊನ್ನೆ ನಾಲ್ಕು ಒಯ್ದ್ರು. ಯಾಕೆ, ಅದ್ರಲ್ಲೇನಿದೆ?"

"ಹುಳ ಇದೆ."

ಅವನು ಪೊಟ್ಟಣವನ್ನು ಅಲುಗಾಡಿಸಿ ನೋಡಿದ. "ಸತ್ತಿರ್ಬೇಕು" ಅಂದ.

ಗಿಡದ್ದೇ ಕೊಡು ಅಂದಳಂತೆ! ಅದು ಅಂಗಡಿಯವನ ಕಣ್ಣಿಗೆ ಮಣ್ಣೆರಚುವ ಮಾತು ಅಂದುಕೊಂಡೆ. ಮುನೀಬಕ್ಕ ಓದು ಬಾರದವಳಲ್ಲ. ಚಾಮಿಲ್ ಬದುಕಿದ್ದಾಗ ಬೆಳಗಿನ ಪೇಪರನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದವಳು ಅವಳೇ, ಸಾವಿನ ಸುದ್ದಿಯಿಂದ ಫುಟ್‌ಬಾಲಿನವರೆಗೆ. ಅಂಥವಳು ಮೂರು ವರ್ಷ ಒಂದು ಪೊಟ್ಟಣವನ್ನು ಕೊಳ್ಳುತ್ತಾಳೆ, ಹಿಂಬದಿ ತಿರುಗಿಸಿ ನೋಡುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನೋಡಿದ್ದಾಳೆ, ತಿಳಿದೇ ಹಾಕಿದ್ದಾಳೆ. ಹೊಗಳಿಸಿಕೊಳ್ಳುವ ಚಟಕ್ಕೆ ಅರವತ್ತು ಹೆಂಗಸರಿಗೆ ಹುಳ ಕುಡಿಸಿದ್ದಾಳೆ. ನನಗೆ ಅಷ್ಟೂ ಸ್ಪಷ್ಟವಾಗಿತ್ತು.

ರಿಫೆತ್ ಎಫೆಂದಿ ನಮ್ಮ ಮಸೀದಿಗೆ ಇಮಾಮನಾಗಿ ಬಂದು ಎರಡು ವರ್ಷವಾಯಿತು. ಇನ್ನೂ ಚಿಕ್ಕ ವಯಸ್ಸು, ಅಳೆದು ತೂಗಿ ಮಾತಾಡುತ್ತಾನೆ. ಅಂಗಳದಲ್ಲಿ ಹಿಡಿದು ಕೇಳಿದೆ.

"ಬುಲಾ, ನಾವು ಹನಫಿ ಪಂಥದವರು. ಹುಳ ತಿನ್ನೋ ಹಾಗಿಲ್ಲ, ಅದರಿಂದ ಮಾಡಿದ ಬಣ್ಣಾನೂ ಬೇಡ ಅಂತ ನಮ್ಮಲ್ಲಿ ಹೆಚ್ಚಿನವರ ಮಾತು. ಬೇರೆ ಕಡೆ ಕೆಲವು ವಿದ್ವಾಂಸರು ಅಡ್ಡಿಯಿಲ್ಲ ಅಂತಾರೆ. ಆ ಹುಳಕ್ಕೆ ಹರಿಯೋ ರಕ್ತ ಇಲ್ಲ, ಕುದಿಸಿ ಅರೆದು ಆದ್ಮೇಲೆ ಅದರ ರೂಪಾನೇ ಬೇರೆ ಅಂತ ಅವರ ವಾದ."

"ವಾದ ಬೇಡ ಎಫೆಂದಿ. ನಮ್ಮ ಮಸೀದಿ ಅಂಗಳದಲ್ಲಿ ಹಂಚಬಹುದೋ ಬೇಡವೋ?"

"ಬೇಡ."

"ಈಗಾಗ್ಲೇ ಕುಡಿದವರ ಗತಿ?"

"ತಿಳೀದೆ ಕುಡಿದವರ ಮೇಲೆ ಏನೂ ಇಲ್ಲ, ತಿಳೀದೆ ಕುಡಿಸಿದವರ ಮೇಲೂ ಇಲ್ಲ. ತಿಳಿದೂ ತಿಳಿದೂ ಕುಡಿಸಿದ್ರೆ ಅದು ಕುಡಿಸಿದವರ ಕೊರಳಿಗೆ. ತಿಳಿದೂ ಸುಮ್ನಿದ್ದೋರ ಕೊರಳಿಗೂ." ನನ್ನ ಮುಖವನ್ನೇ ನೋಡಿದ. "ಯಾರ ವಿಷಯ ಇದು?"

"ಯಾರದೂ ಇಲ್ಲ, ಹೀಗೇ ಕೇಳ್ದೆ."

"ನೀವು ಹೀಗೇ ಕೇಳೋರಲ್ಲ. ಯಾರೇ ಆಗ್ಲಿ, ಮೊದ್ಲು ಅವರನ್ನೇ ಕೇಳಿ. ಬೇರೆಯವರ ಹತ್ರ ಆಡ್ಬೇಡಿ."

ಒಳ್ಳೆಯ ಮಾತು. ತಲೆಯಾಡಿಸಿ ಹೊರಟೆ. ಅಂಗಳದ ಬಾಗಿಲಲ್ಲೇ ಬಿಸೇರಾ ಬೀಗ ಹಿಡಿದು ನಿಂತಿದ್ದಳು. ಅವಳು ಏನನ್ನೂ ಕೇಳಲಿಲ್ಲ, "ಶರಬತ್ತಿನ ವಿಷಯಾನಾ?" ಎಂದಷ್ಟೇ ಹುಬ್ಬೇರಿಸಿದಳು. ನಾನು ಪೂರ್ತಿ ಹೇಳಲಿಲ್ಲ. "ಅಷ್ಟು ಕೆಂಪು ಗುಲಾಬಿ ನೀನು ಎಲ್ಲಾದ್ರೂ ನೋಡಿದೀಯಾ?" ಅಂದೆ. ಅಷ್ಟೇ ಸಾಕಾಯಿತು. ವಾರದೊಳಗೆ ಮಹಲ್ಲಾದ ಹೆಂಗಸರು ಮುನೀಬಕ್ಕನ ಮನೆಯಲ್ಲಿ ಕಾಫಿಯ ಜೊತೆ ಇಟ್ಟ ಲೋಕುಮ್ ಮಿಠಾಯಿಯನ್ನೂ ಬೆರಳಲ್ಲಿ ಒತ್ತಿ ನೋಡಿ ಕೆಳಗಿಡತೊಡಗಿದರು. ಅದು ನನ್ನ ಬಾಯಿಂದ ಆದ ಕೆಲಸ. ಇವತ್ತಿಗೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವತ್ತು ಆಗಲಿಲ್ಲ.

ಸೆಪ್ಟೆಂಬರಿನಲ್ಲಿ ಮೆವ್ಲೂದ್ ಬಂತು. ಭಾನುವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಹೆಂಗಸರ ಸಭೆ. ನಾನು ಒಂದು ಗಂಟೆ ಮೊದಲೇ ಮುನೀಬಕ್ಕನ ಅಡುಗೆಮನೆಗೆ ಹೋದೆ, ಮುಖಕ್ಕೆ ಮುಖ ಕೊಟ್ಟು ಕೇಳಿಬಿಡುವುದೆಂದು. ಕಪ್ಪಿಟ್ಟ ಮರದ ಸ್ಟೂಲಿನ ಮೇಲೆ ದೊಡ್ಡ ತಾಮ್ರದ ಹಂಡೆ ಇತ್ತು. ಅದರ ತುಂಬಾ ಆ ಕೆಂಪು. ಕಿಟಕಿ ಕಟ್ಟೆಯ ಮೇಲೆ ಸ್ಟ್ರಾಬೆರಿ ಪೊಟ್ಟಣ ಬಿಡುಬೀಸಾಗಿ ಬಿದ್ದಿತ್ತು. ಬಚ್ಚಿಡುವ ಮರ್ಯಾದೆಯೂ ಇಲ್ಲವಲ್ಲ ಅಂದುಕೊಂಡೆ.

"ಯಾರು?" ಅಂದಳು.

"ನಾನು."

"ಓಹೋ, ಶೆಫೀಕಾನಾ! ಏನು, ನನ್ನ ಹಂಡೇಗೂ ಪಾಸ್‌ಪೋರ್ಟ್ ತೋರಿಸ್ಬೇಕಾ? ಬಾ, ಕೂತ್ಕೋ. ಮಹಲ್ಲಾದಲ್ಲಿ ಏನೇನು ಮಾತು ನಡೀತಿದೆ ಅಂತ ನನಗೂ ಕಿವಿ ಇದೆ ಕಣೇ."

"ಮಾತು ಇರ್ಲಿ ಮುನೀಬಕ್ಕ. ಇದನ್ನ ಓದು." ಪೊಟ್ಟಣವನ್ನು ಅವಳ ಕೈಗಿತ್ತೆ. "ಹಿಂದ್ಗಡೆ. ಗಟ್ಟಿಯಾಗಿ ಓದು."

ಅವಳ ಮುಖ ಬಿಗಿಯಿತು. ಪೊಟ್ಟಣ ಹಿಡಿದು ಕಿಟಕಿಯ ಬೆಳಕಿಗೆ ಹೋದಳು. ಬೆರಳನ್ನು ಸಾಲಿನ ಮೇಲೆ ಓಡಿಸುತ್ತಾ, ಶಾಲೆಯಲ್ಲಿ ಓದುವವರ ಹಾಗೆ ನಿಧಾನಕ್ಕೆ ಹೇಳಿದಳು: "ಸ್ಟ್ರಾಬೆರಿ. ಬೀಟ್‌ರೂಟ್ ಪುಡಿ. ಗುಲಾಬಿ ಸಾರ. ಎಲ್ಲಾ ಗಿಡದ್ದು. ಆಯ್ತಾ? ಹೊಟ್ಟೆ ತಣ್ಣಗಾಯ್ತಾ?"

ಪೊಟ್ಟಣದ ಮುಂಬದಿ ನನ್ನ ಕಡೆಗಿತ್ತು. ಸ್ಟ್ರಾಬೆರಿ ತಲೆಕೆಳಗಾಗಿತ್ತು, ಅದರ ಹಸಿರು ತೊಟ್ಟು ನೆಲ ನೋಡುತ್ತಿತ್ತು. ಅವಳು ಹೇಳಿದ ಒಂದು ಮಾತೂ ಆ ಪೊಟ್ಟಣದ ಮೇಲೆ ಇರಲಿಲ್ಲ.

ಆಮೇಲೆ ಎಲ್ಲವೂ ಕಾಣತೊಡಗಿತು. ಇಷ್ಟು ದಿನ ನಾನು ಏನು ನೋಡುತ್ತಿದ್ದೆನೋ! ಸಕ್ಕರೆ ಡಬ್ಬಿಗೆ ಒಂದು ರಬ್ಬರ್‌ಬ್ಯಾಂಡು, ಉಪ್ಪಿನ ಡಬ್ಬಿಗೆ ಎರಡು. ಮೊಣಕೈ ಹತ್ತಿರ ಬಾಗಿಲು ತಾಗಿದ ಹಳೇ ನೀಲಿ ಗಾಯ. ಅವಳು ಹಂಡೆಗೆ ಇನ್ನೊಂದಿಷ್ಟು ನೀರು ಸುರಿಯುವಾಗ ಒಂದು ಬೆರಳನ್ನು ಅಂಚಿನೊಳಗೆ ಇಳಿಬಿಟ್ಟು ಮಟ್ಟ ನೋಡಿಕೊಂಡಳು. ನನ್ನ ಜೊತೆ ಮಾತಾಡುವಾಗಲೂ ನನ್ನ ಮುಖವನ್ನಲ್ಲ, ನನ್ನ ಭುಜವನ್ನು ನೋಡುತ್ತಿದ್ದಳು. ಜೂನ್‌ನಲ್ಲಿ ಲೋಟ ತಪ್ಪಿ ಚೆಲ್ಲಿದ್ದು, ವರ್ಷದಿಂದ ವರ್ಷಕ್ಕೆ ಕೆಂಪು ಏರಿದ್ದು, ಎರಡಕ್ಕೂ ಕಾರಣ ಒಂದೇ. ತಿಳಿ ಗುಲಾಬಿ ಬಣ್ಣ ಅವಳ ಕಣ್ಣಿಗೆ ಕೊಳೆ ನೀರಿನ ಹಾಗೆ ಕಂಡಿರಬೇಕು. ಅವಳು ತನಗೆ ಕೆಂಪು ಕಾಣುವವರೆಗೂ ಹಾಕುತ್ತಾ ಹೋಗಿದ್ದಾಳೆ.

ಗಿಡದ್ದೇ ಕೊಡು ಅಂತ ಅವಳು ಕೇಳಿದ್ದು ಸುಳ್ಳಲ್ಲ. ಕೊಟ್ಟಿದ್ದನ್ನು ನಂಬಿದ್ದಳು. ಕಣ್ಣು ಹೋಗುತ್ತಿದೆ ಎಂದು ಬಾಯಿಬಿಟ್ಟರೆ ಸೌಟು ಹೋಗುತ್ತದೆಂಬ ಭಯಕ್ಕೆ ಯಾರಿಗೂ ಹೇಳಿರಲಿಲ್ಲ.

ಹೇಳಿಬಿಡಬೇಕು ಅಂದುಕೊಂಡೆ. ಆ ಹೊತ್ತಿಗೇ ಬಾಗಿಲು ತಳ್ಳಿಕೊಂಡು ಬಿಸೇರಾ ಬಂದಳು, ಹಿಂದೆ ಕೈಗಾಡಿ ತಂದ ಇಬ್ಬರು ಹೆಂಗಸರು. "ಹೊತ್ತಾಯ್ತು, ಹೊತ್ತಾಯ್ತು, ಜನ ಆಗ್ಲೇ ತುಂಬಿದಾರೆ!" ಹಂಡೆ ಎತ್ತಿದರು. ಮುನೀಬಕ್ಕ ಸೌಟನ್ನು ಎದೆಗೊತ್ತಿಕೊಂಡು ಗಾಡಿಯ ಹಿಡಿ ಹಿಡಿದು ನಡೆದಳು. ಅದೂ ದಾರಿ ಕಾಣದ್ದಕ್ಕೇ ಹಿಡಿದದ್ದು ಎಂದು ನನಗೊಬ್ಬಳಿಗೆ ಗೊತ್ತಾಯಿತು.

ಬಿಸೇರಾ ನನ್ನ ತೋಳು ಜಗ್ಗಿ ಹಿಂದಕ್ಕೆಳೆದಳು. "ಕೇಳಿದ್ಯಾ? ಒಪ್ಕೊಂಡ್ಳಾ?"

"ನಾನೇ ತಪ್ಪು ತಿಳ್ಕೊಂಡಿದ್ದೆ. ಅದು ಗುಲಾಬೀನೇ."

ಬಿಸೇರಾ ನಿಂತುಬಿಟ್ಟಳು. "ನೀನು? ತಪ್ಪು ತಿಳ್ಕೊಂಡಿದ್ದೆ ಅಂತ ನೀನು ಹೇಳ್ತಿದೀಯಾ? ಏನೋ ಇದೆ ಇದ್ರಲ್ಲಿ. ಸ್ನೇಹಿತೆ ಅಂತ ಮುಚ್ಚಿಡ್ತಿದೀಯ."

"ಗುಲಾಬಿ ಅಂದ್ನಲ್ಲ."

"ಸರಿ ಹಾಗಾದ್ರೆ. ಮೊದಲ್ನೇ ಲೋಟ ನೀನು ಕುಡಿ. ಎಲ್ಲರ ಎದುರಿಗೆ, ತಳ ಕಾಣೋ ಹಾಗೆ. ನೀನು ಕುಡಿದ್ರೆ ನಾವೂ ಕುಡೀತೀವಿ. ನೀನು ಕುಡೀದೇ ಹೋದ್ರೆ ಅವಳ ಕೈಯಿಂದ ಸೌಟು ತಗೊಳ್ಳೋದು ನನಗೊತ್ತು."

ನೂರು ಹೆಜ್ಜೆಯ ದಾರಿ ಅದು. ಅಷ್ಟರಲ್ಲಿ ಏನೆಲ್ಲಾ ಯೋಚಿಸಿದೆನೋ! ಕುಡಿದರೆ ನಾನು ತಿಳಿದೂ ಕುಡಿದವಳು, ಅದು ಹೇಗೋ ನನ್ನ ಪಾಡು. ಆದರೆ ನನ್ನ ಹಿಂದೆ ಅರವತ್ತು ಜನ ಕುಡಿಯುತ್ತಾರೆ, ನನ್ನ ಮೇಲಿನ ನಂಬಿಕೆಯಿಂದ ಕುಡಿಯುತ್ತಾರೆ. ಕುಡಿಯದೆ ನಿಂತರೆ ಬಿಸೇರಾ ಹುಸ್ನಿಯಾನನ್ನು ವಿಚಾರಿಸಿ ಪೊಟ್ಟಣ ತರಿಸುತ್ತಾಳೆ, ಮುನೀಬಕ್ಕನಿಗೆ ಓದು ಅನ್ನುತ್ತಾಳೆ, ಮುನೀಬಕ್ಕ ಅಷ್ಟು ಜನರೆದುರು ಅದನ್ನು ತಲೆಕೆಳಗಾಗಿ ಹಿಡಿದು ಸ್ಟ್ರಾಬೆರಿ, ಬೀಟ್‌ರೂಟ್ ಅನ್ನುತ್ತಾಳೆ. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅವಳ ಮೇಲೆ ನನಗೆ ಎಷ್ಟು ಪ್ರೀತಿ ಇತ್ತು ಅಂತ ನನಗೆ ಗೊತ್ತಾದದ್ದೇ ಆ ದಾರಿಯಲ್ಲಿ.

ಅಂಗಳದಲ್ಲಿ ಲಿಂಡನ್ ಮರದ ಕೆಳಗೆ ಸ್ಟೂಲು ಹಾಕಿ ಹಂಡೆ ಇಟ್ಟರು. ಹೆಂಗಸರು ಸುತ್ತ ನಿಂತರು, ಎಂದಿನ ಗದ್ದಲವಿಲ್ಲ. ಎಲ್ಲರ ಕಣ್ಣೂ ಒಮ್ಮೆ ಹಂಡೆಯ ಮೇಲೆ, ಒಮ್ಮೆ ನನ್ನ ಮೇಲೆ.

"ಓದೋಕ್ ಮುಂಚೆ ಬುಲಾ ಒಂದು ಲೋಟ ಕುಡೀತಾರಂತೆ, ಗಂಟ್ಲು ಸರಿ ಮಾಡ್ಕೊಳ್ಳೋಕೆ" ಅಂತ ಬಿಸೇರಾ ಕೂಗಿದಳು.

"ಕುಡೀಲಿ, ಕುಡೀಲಿ. ರಾಟೆಗೆ ಎಣ್ಣೆ ಬಿಟ್ಟ ಹಾಗಾಗತ್ತೆ" ಅಂತ ಮುನೀಬಕ್ಕ ನಕ್ಕಳು. ಆ ನಗುವಿನ ಕೆಳಗೆ ಭಯವಿತ್ತು. ಅವಳು ಸೌಟು ಅದ್ದಿದಳು, ಲೋಟದ ಅಂಚನ್ನು ಬೆರಳಿಂದ ಹುಡುಕಿ ತುಂಬಿದಳು. ಈ ಸಲ ಒಂದು ಹನಿಯೂ ಚೆಲ್ಲಲಿಲ್ಲ. ನನ್ನ ಭುಜದ ಕಡೆಗೆ ಚಾಚಿದಳು.

ನಾನು ಮುಂದೆ ಹೋದೆ. ಲೋಟಕ್ಕೆ ಕೈ ಚಾಚಲಿಲ್ಲ. ಕಾಲೆತ್ತಿ ಸ್ಟೂಲನ್ನು ಒದ್ದೆ.

ಹಂಡೆ ಉರುಳಿದ ಸದ್ದು ಕೆಳಗೆ ಪೇಟೆಯವರೆಗೂ ಕೇಳಿಸಿತಂತೆ. ಅಂಗಳದ ಕಲ್ಲುಹಾಸಿನ ಮೇಲೆಲ್ಲಾ ಕೆಂಪು ಹರಿದು ಚರಂಡಿಗೆ ಇಳಿಯಿತು. ಆಮೇಲೆ ಬಿಸೇರಾ ಚೀರಿದಳು: "ಬೇಕಂತ್ಲೇ ಒದ್ದಳು! ಕಣ್ಣಾರೆ ನೋಡ್ದೆ, ಬೇಕಂತ್ಲೇ!"

"ಯಾರು?" ಅಂತ ಮುನೀಬಕ್ಕ ಕೇಳುತ್ತಿದ್ದಳು. ಲೋಟ ಇನ್ನೂ ಅವಳ ಕೈಯಲ್ಲೇ ಇತ್ತು, ಪಾದರಕ್ಷೆ ಒದ್ದೆಯಾಗಿತ್ತು. "ಯಾರು ಒದ್ದಿದ್ದು? ಯಾರೇ?"

ಎದುರಿಗೇ ನಿಂತವಳನ್ನು ಯಾರು ಅಂತ ಕೇಳುತ್ತಿದ್ದಾಳಲ್ಲ ಎಂದು ಆ ಗಲಾಟೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

"ನಾನು" ಅಂದೆ. ಅವಳ ಕೈಯ ಲೋಟ ತೆಗೆದುಕೊಂಡು ಅದನ್ನೂ ಮರದ ಬುಡಕ್ಕೆ ಸುರಿದೆ. "ನಾನೇ ಒದ್ದೆ. ಬಣ್ಣ ಹಾಕಿದಾಳೆ ಅಂತ ಊರೆಲ್ಲಾ ಹೇಳ್ಕೊಂಡ್ ಬಂದಿದ್ದೂ ನಾನೇ. ಅದು ಸುಳ್ಳು. ಅವಳು ಹಾಕಿದ್ದು ಗುಲಾಬಿ."

"ಥೂ ನಿನ್ನ!" ಅಂದರು ಯಾರೋ ಹಿಂದಿನಿಂದ. ಮೂವತ್ತೆಂಟು ವರ್ಷದಲ್ಲಿ ನನ್ನ ಮುಖದೆದುರು ಯಾರೂ ಆ ಮಾತು ಆಡಿರಲಿಲ್ಲ. ಬಿಸೇರಾ ಆಗಲೇ ಪಕ್ಷ ಬದಲಿಸಿ ಮುನೀಬಕ್ಕನ ಭುಜ ತಬ್ಬಿಕೊಂಡಿದ್ದಳು. "ಪಾಪ, ಒಬ್ಬಂಟಿ ಹೆಂಗಸು, ಎರಡು ದಿನದಿಂದ ಒಲೆ ಮುಂದೆ ನಿಂತು ಮಾಡಿದ್ದು" ಅಂತ ಕಣ್ಣೀರು ಹಾಕಿದಳು. ಅವತ್ತು ಮೆವ್ಲೂದಿಗೆ ನಲ್ಲಿಯ ನೀರನ್ನೇ ಹಂಚಿದರು. ನಾನು ಓದಿದೆ, ನನ್ನ ಜೊತೆ ಯಾರೂ ದನಿಗೂಡಿಸಲಿಲ್ಲ. ಓದು ಮುಗಿಸಿ ಹೊರಗೆ ಬಂದಾಗ ನನ್ನ ಚಪ್ಪಲಿಯನ್ನು ಯಾರೋ ಆ ಕೆಂಪು ಕೆಸರಿನಲ್ಲಿ ಎಸೆದಿದ್ದರು.

ಮರುದಿನ ಹುಸ್ನಿಯಾನ ಅಂಗಡಿಯಲ್ಲಿದ್ದ ಅಷ್ಟೂ ಕೆಂಪು ಪೊಟ್ಟಣ ಕೊಂಡು ತಂದು ಒಲೆಗೆ ಹಾಕಿದೆ, ಇನ್ನು ತರಿಸಬೇಡ ಅಂತ ಅವನಿಗೆ ತಾಕೀತು ಮಾಡಿದೆ. ಹುಳದ ಮಾತು ಅವನ ಬಾಯಿಂದ ಹೊರಡಲಿಲ್ಲ. ತನ್ನ ವ್ಯಾಪಾರಕ್ಕೆ ಏಟು ಅಂತ ಅವನಿಗೂ ಗೊತ್ತಿತ್ತು. ಮುನೀಬಕ್ಕನ ಅಡುಗೆಮನೆಯ ಪೊಟ್ಟಣ ಅವತ್ತೇ ಹಂಡೆ ಎತ್ತುವ ಗಡಿಬಿಡಿಯಲ್ಲಿ ನನ್ನ ಜೇಬು ಸೇರಿತ್ತು. ಮಹಲ್ಲಾದವರು ಸತ್ತವರ ಪ್ರಾರ್ಥನೆಗೆ ಪಕ್ಕದ ಊರು ಯಬ್ಲಾನಿತ್ಸಾದಿಂದ ಬೇರೆ ಬುಲಾಳನ್ನು ಕರೆಸತೊಡಗಿದರು. ನಾನು ಸಾಲಿನ ಕೊನೆಯಲ್ಲಿ ಕೂರುತ್ತಿದ್ದೆ, ಆಮೇಲೆ ಹೋಗುವುದನ್ನೇ ಬಿಟ್ಟೆ.

ನವೆಂಬರಿನ ಒಂದು ಬೆಳಿಗ್ಗೆ ಪೇಟೆಗೆ ಇಳಿಯುವ ಕಲ್ಲು ಮೆಟ್ಟಿಲ ಬಳಿ ಮುನೀಬಕ್ಕ ಎದುರಾದಳು. ನನ್ನ ಪಕ್ಕದಲ್ಲೇ ಹಾದು ಹೋದಳು, ತಿರುಗಿಯೂ ನೋಡಲಿಲ್ಲ. ರೊಟ್ಟಿ ಅಂಗಡಿಯ ಮುಂದೆ ನಿಂತಿದ್ದ ಹೆಂಗಸರು ಒಬ್ಬರಿಗೊಬ್ಬರು ಮೊಣಕೈ ತಾಗಿಸಿದರು. "ನೋಡು, ಮುಖಾನೂ ನೋಡಲ್ಲ. ಸರಿಯಾಗಿ ಮಾಡಿದ್ಳು" ಅನ್ನುವುದು ನನಗೆ ಕೇಳಿಸಿತು. ಮೆಟ್ಟಿಲು ಹಿಂದಿನ ದಿನದ ಮಳೆಗೆ ಜಾರುತ್ತಿತ್ತು. ಅವಳು ಮೊದಲ ಮೆಟ್ಟಿಲನ್ನು ಕಾಲ್ತುದಿಯಿಂದ ಹುಡುಕುತ್ತಿದ್ದಳು. ನಾನು ಹೋಗಿ ಮೊಣಕೈ ಹಿಡಿದೆ.

"ಯಾರು?"

"ನಾನು."

ಕೈ ಕೊಡವಿದಳು. ನಾನು ಬಿಡಲಿಲ್ಲ. ಎರಡು ಮೆಟ್ಟಿಲು ಹಾಗೇ ಜಗಳದಲ್ಲಿ ಇಳಿದೆವು. ಮೂರನೆಯದಕ್ಕೆ ಅವಳು ಕೈಯನ್ನು ನನ್ನ ಕೈಯಲ್ಲೇ ಬಿಟ್ಟಳು.

"ನನ್ನ ಕಣ್ಣಿನ ವಿಷಯ ನಿನಗೆ ಗೊತ್ತಾಯ್ತಲ್ವಾ ಅವತ್ತು" ಅಂದಳು.

"ಹೂಂ."

"ಯಾರಿಗೂ ಹೇಳಲಿಲ್ಲ ನೀನು. ಯಾಕೆ ಹೇಳಲಿಲ್ಲ ಅಂತ ನಾನೂ ಯೋಚನೆ ಮಾಡ್ತಾ ಇದ್ದೆ. ಮಗಳು ಮೋಸ್ತಾರ್ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ಳು. ಪೊರೆ ಅಂತೆ, ಎರಡು ಕಣ್ಣಿಗೂ. ಮುಂದಿನ ತಿಂಗಳು ತೆಗೀತಾರೆ." ಮೆಟ್ಟಿಲ ಮೇಲೇ ನಿಂತಳು. "ಶೆಫೀಕಾ, ಒಂದು ಕೇಳ್ತೀನಿ. ಅವತ್ತು ನೀನು ಕೊಟ್ಟ ಪೊಟ್ಟಣದಲ್ಲಿ ನಿಜವಾಗಿ ಏನಿತ್ತು?"

ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಚಾಮಿಲ್‌ಗೆ ಕೊನೇ ಹತ್ತು ದಿನ ಬೇರೆ ಏನೂ ಗಂಟಲಲ್ಲಿ ಇಳೀತಿರಲಿಲ್ಲ. ಬರೀ ನನ್ನ ಶರಬತ್ತು. ಚಮಚದಲ್ಲಿ ನಾನೇ ಹಾಕ್ತಿದ್ದೆ. ಕೊನೇದಾಗಿ ಅವರ ನಾಲಿಗೆ ಮೇಲೆ ಇದ್ದಿದ್ದು ಅದೇ. ಆವಾಗ್ಲೂ ಅದೇ ಪುಡಿ. ಹರಾಮ್ ಏನಾದ್ರೂ ಇತ್ತಾ ಅದ್ರಲ್ಲಿ? ನೀನು ಓದಿರ್ತೀಯ. ನೀನು ಓದ್ದೇ ಇರೋಳಲ್ಲ. ಹೇಳು."

ತಿಳಿಯದೆ ಕುಡಿದವನ ಮೇಲೆ ಏನೂ ಇಲ್ಲ, ತಿಳಿಯದೆ ಕುಡಿಸಿದವಳ ಮೇಲೂ ಇಲ್ಲ. ಎಫೆಂದಿ ಹೇಳಿದ್ದನ್ನು ಅವಳಿಗೂ ಹೇಳಬಹುದಿತ್ತು. ಅವಳು ತಲೆಯಾಡಿಸುತ್ತಿದ್ದಳು, ಸರಿ ಅನ್ನುತ್ತಿದ್ದಳು. ಆಮೇಲೆ ಸಾಯುವವರೆಗೆ ಪ್ರತಿ ದಿನ ಆ ಚಮಚವನ್ನೇ ನೆನೆಯುತ್ತಿದ್ದಳು. ನನಗೆ ಅವಳ ಸ್ವಭಾವ ಗೊತ್ತು.

"ಬೀಟ್‌ರೂಟ್" ಅಂದೆ. "ಬೀಟ್‌ರೂಟ್ ಪುಡಿ. ನೀನು ಹೇಳಿದ್ದು ಸರಿಯಾಗೇ ಇತ್ತು."

ಅವಳು ಉಸಿರು ಬಿಟ್ಟಳು, ಭುಜ ಇಳಿಯಿತು. ಇನ್ನೊಂದು ಮೆಟ್ಟಿಲು ಇಳಿದೆವು. ಅಲ್ಲಿ ನಿಂತು ಮುಖವನ್ನು ನನ್ನ ಕಡೆ ತಿರುಗಿಸಿದಳು. ಕಾಣದ ಕಣ್ಣಲ್ಲಿ ನನ್ನನ್ನೇ ಹುಡುಕುತ್ತಿದ್ದಳು.

"ಬೀಟ್‌ರೂಟ್ ಆ? ಮತ್ತೆ ಯಾಕೆ ಒದ್ದೆ?"

ಇದಕ್ಕೆ ನಾನು ಸಿದ್ಧಳಿರಲಿಲ್ಲ. ಕೆಳಗೆ ನೆರೆಟ್ವಾ ನದಿ ಮಳೆಯ ನೀರು ತುಂಬಿ ಸದ್ದು ಮಾಡುತ್ತಿತ್ತು.

"ಹೊಟ್ಟೆಕಿಚ್ಚಿಗೆ" ಅಂದೆ. "ಎಲ್ಲರೂ ನಿನ್ನ ಶರಬತ್ತನ್ನೇ ಹೊಗಳ್ತಾರೆ. ನನ್ನ ಓದು ಯಾರಿಗೂ ನೆನಪಿರಲ್ಲ."

ಮುನೀಬಕ್ಕ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಗೋಡೆಯನ್ನು ತಡವಿ ಹಿಡಿದು, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ಹುಡುಕಿಕೊಂಡು ತಾನೇ ಇಳಿದು ಹೋದಳು. ಇಷ್ಟು ವರ್ಷದಲ್ಲಿ ನನ್ನ ಒಂದು ಮಾತನ್ನು ಅವಳು ಮರುಪ್ರಶ್ನೆ ಹಾಕದೆ ನಂಬಿದ್ದು ಅದೊಂದೇ ಸಲ.